ನಿಂತ ಗಾಡಿಯ ಸಮಾನಾಂತರ

ಹಿಂದಿನ ಚಕ್ರಗಳಿಂದ ಓಡುವ ಗಾಡಿಯನ್ನು ಎತ್ತಿಸಿದವರಿಗೂ ಇಳಿಸಿದವರಿಗೂ ಒಂದು ಸೂತ್ರ ಬಾಯಿಪಾಠ: ಗೇರ್‌ಬಾಕ್ಸಿನ ಬಾಲ ಎಷ್ಟು ಡಿಗ್ರಿ ಬಾಗಿದೆಯೋ ಪಿನಿಯನ್ನಿನ ಮೂತಿ ಅಷ್ಟೇ ಡಿಗ್ರಿ ಎದ್ದಿರಲಿ, ಎರಡೂ ಸಮಾನಾಂತರವಾದರೆ ಕೆಲಸ ಮುಗಿಯಿತು. ಸೂತ್ರ ಸುಳ್ಳಲ್ಲ. ಆದರೆ ಅದನ್ನು ಅಳೆಯುವುದು ನಿಂತ ಗಾಡಿಯಲ್ಲಿ, ಅನುಭವಿಸುವುದು ಓಡುವ ಗಾಡಿಯಲ್ಲಿ. ನನ್ನ ತಕರಾರು ಇಲ್ಲಿಂದಲೇ ಶುರು.

ಪುಣೆಯ ಭೋಸರಿಯ ಒಂದು ಗ್ಯಾರೇಜು. ಗಾಡಿ ಟಾಟಾ ಸುಮೊ, 1994ರಲ್ಲಿ ಇದೇ ಪುಣೆಯಿಂದ ಹೊರಟ ಮಾದರಿ. ಹಿಂದೆ ಪಾಟಾ, ಅಂದರೆ ಲೀಫ್ ಸ್ಪ್ರಿಂಗು; ಪಾಟಾಕ್ಕೂ ಆ್ಯಕ್ಸಲ್ ಹೌಸಿಂಗಿಗೂ ನಡುವೆ ನಾನು ಚಂದಕ್ಕೆಂದು ತುರುಕಿಸಿದ 50 ಮಿ.ಮೀ. ಬ್ಲಾಕು. ಕಾತ್ರಜ್ ಘಾಟ್ ಹತ್ತುವಾಗ ಗೇರ್ ಲಿವರಿನ ಗುಂಡು ಅಂಗೈಯಲ್ಲಿ ಜುಮುಗುಡುತ್ತಿತ್ತು. ಇಂಡಿ ಕಡೆಯ ಮಿಸ್ತ್ರಿ ಗಾಡಿಯ ಕೆಳಗಿನಿಂದಲೇ ತೀರ್ಪು ಕೊಟ್ಟರು: “ಸರ, ಎರಡೂ ಒಂದ ಲೆವೆಲ್ ಅದಾವ ನೋಡ್ರಿ. ಶಾಫ್ಟ್ ಬ್ಯಾಲೆನ್ಸ್ ಮಾಡಸ್ರಿ.” ಅವರ ಅಳತೆ ತಪ್ಪಿರಲಿಲ್ಲ. ಲಿಫ್ಟಿನಲ್ಲಿ ಹೌಸಿಂಗ್ ಜೋತಾಡಿಸಿ ಕೋನ ನೋಡುವ ಪಾಪವನ್ನೂ ಅವರು ಮಾಡಿರಲಿಲ್ಲ. ಗಾಡಿ ತನ್ನ ಚಕ್ರಗಳ ಮೇಲೇ ನಿಂತಿತ್ತು. ಬ್ಯಾಲೆನ್ಸ್ ಮಾಡಿಸಿದೆ. ದುಡ್ಡು ಹೋಯಿತು, ನಡುಕ ಉಳಿಯಿತು.

ಉಳಿಯಲೇಬೇಕಿತ್ತು. ಶಾಫ್ಟಿನ ಎರಡೂ ತುದಿಯ ಕ್ರಾಸ್ ಜಾಯಿಂಟಿನ ಸ್ವಭಾವವೇ ಬೇರೆ. ಕೋನದಲ್ಲಿ ತಿರುಗುವ ಜಾಯಿಂಟು ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟನ್ನು ಮುಂದೆ ತಳ್ಳುತ್ತದೆ, ಎರಡು ಸಲ ಹಿಂದೆ ಎಳೆಯುತ್ತದೆ. 17ನೇ ಶತಮಾನದ ರಾಬರ್ಟ್ ಹುಕ್‌ಗೂ ಈ ಏರಿಳಿತ ಗೊತ್ತಿತ್ತು. ಶಾಫ್ಟ್ ನಿಮಿಷಕ್ಕೆ 1800 ಸುತ್ತು ತಿರುಗುತ್ತಿದ್ದರೆ ತೂಕ ತಪ್ಪಿದ ನಡುಕ ಸೆಕೆಂಡಿಗೆ 30. ಕೋನ ತಪ್ಪಿದ ನಡುಕ 60. ಇನ್ನೊಂದು ಗುರುತು ಅದಕ್ಕಿಂತ ಸುಲಭ: ತೂಕದ ದೋಷಕ್ಕೆ ನಿಮ್ಮ ಕಾಲು ಆ್ಯಕ್ಸಿಲರೇಟರಿನ ಮೇಲಿದೆಯೋ ಇಲ್ಲವೋ ಎಂಬುದು ಹೆಚ್ಚುಕಡಿಮೆ ಬೇಕಿಲ್ಲ. ಕೋನದ ದೋಷ ಕಾಲು ಒತ್ತಿದರೆ ಒಂದು ರಾಗ, ತೆಗೆದರೆ ಇನ್ನೊಂದು. 1966ರಿಂದ ವಾಹನ ಸಂಶೋಧನಾ ಸಂಸ್ಥೆ ಎ.ಆರ್.ಎ.ಐ. ಇರುವ ಊರಿನಲ್ಲಿ, ವೇತಾಳ ಟೇಕಡಿಯ ನೆರಳಿನಲ್ಲೇ, ಕಾಲು ಎತ್ತಿ ನೋಡುವ ಈ ಬಿಟ್ಟಿ ಪರೀಕ್ಷೆಯನ್ನೂ ಮಾಡದೆ ಶಾಫ್ಟ್ ಬಿಚ್ಚುತ್ತೇವೆ.

ಕಾಲು ಒತ್ತಿದಾಗ ಏನಾಗುತ್ತದೆ? ಚಕ್ರ ಮುಂದಕ್ಕೆ ತಿರುಗಬೇಕಾದರೆ ಹೌಸಿಂಗ್ ಹಿಂದಕ್ಕೆ ತಿರುಗಲು ನೋಡುತ್ತದೆ. ಪಾಟಾ ಇಂಗ್ಲಿಷಿನ ಎಸ್ ಅಕ್ಷರದಂತೆ ಮುರಿಯುತ್ತದೆ, ಪಿನಿಯನ್ನಿನ ಮೂತಿ ಮೇಲೇಳುತ್ತದೆ. ಬ್ಲಾಕ್ ಎತ್ತರವಾದಷ್ಟೂ ಈ ಮುರಿತಕ್ಕೆ ಸನ್ನೆ ಉದ್ದ. ನಿಂತಾಗ ನೇರ್ಪಾದ ಸಮಾನಾಂತರ ಘಾಟಿನ ಮೊದಲ ತಿರುವಿನಲ್ಲೇ ಹರಿದುಹೋಯಿತು. ಹಾಗಾಗಿ ಪಾಟಾ ಗಾಡಿಯಲ್ಲಿ ಮೂತಿಯನ್ನು ಒಂದೆರಡು ಡಿಗ್ರಿ ತಗ್ಗಿಸಿಯೇ ಕೂರಿಸಬೇಕು. ನಿಂತಾಗ ತಪ್ಪಾಗಿ ಕಾಣಲಿ.

“ಹಾಗಾದರೆ ಎಲ್ಲ ಗಾಡಿಗೂ ತಗ್ಗಿಸೋಣವೇ?” ಇಲ್ಲ. ಡಿಫರೆನ್ಷಿಯಲ್ ಚಾಸಿಗೇ ಬೋಲ್ಟ್ ಆಗಿರುವಲ್ಲಿ ಹಳೆಯ ಸೂತ್ರವೇ ಸರಿ, ಅಲ್ಲಿ ನನಗೆ ಜಗಳವಿಲ್ಲ. ಕಾಯಿಲ್ ಸ್ಪ್ರಿಂಗಿನ ಜೊತೆ ಗಟ್ಟಿ ಆರ್ಮುಗಳಿದ್ದರೆ ಮೂತಿ ಏಳುವುದು ಕಡಿಮೆ, ತಗ್ಗಿಸುವುದೂ ಕಡಿಮೆ.

ಸೂತ್ರದ ಇನ್ನೊಂದು ಮೋಸ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ: ಎರಡೂ ಕೋನ ಸಮ ಇದ್ದರೆ ಎಷ್ಟು ದೊಡ್ಡದಿದ್ದರೂ ನಡೆಯುತ್ತದೆ ಎಂಬ ನಂಬಿಕೆ. ಹಿಂದಿನ ಜಾಯಿಂಟು ಮುಂದಿನದರ ತಪ್ಪನ್ನು ಪಿನಿಯನ್ನಿನ ಮಟ್ಟಿಗೆ ತಿದ್ದುತ್ತದೆ. ನಡುವಿನ ಕೊಳವೆ ಮಾತ್ರ ಪ್ರತಿ ಸುತ್ತಿಗೂ ಜಗ್ಗಾಡುತ್ತಲೇ ಇರುತ್ತದೆ. ಕೋನ 3ರಿಂದ 6 ಡಿಗ್ರಿಗೆ ಹೋದರೆ ಆ ಜಗ್ಗಾಟ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಒಂದು ಮೀಟರ್ ಶಾಫ್ಟಿಗೆ 50 ಮಿ.ಮೀ. ಬ್ಲಾಕ್ ಸುಮಾರು 3 ಡಿಗ್ರಿ ಸೇರಿಸುತ್ತದೆ ಎಂಬ ಸರಳ ಲೆಕ್ಕ ಮಾಡದೆಯೇ ನಾನು ಬ್ಲಾಕ್ ಹಾಕಿಸಿದ್ದೆ. ಹಾಗೆಂದು ಶೂನ್ಯ ಡಿಗ್ರಿಯೂ ಆದರ್ಶವಲ್ಲ: ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗವನ್ನು ಒತ್ತಿ ಕ್ರಾಸಿಗೆ ಗೀರು ಬೀಳಿಸುತ್ತವೆ.

ಕೊನೆಗೆ 50ರ ಬ್ಲಾಕ್ ತೆಗೆಸಿ 25ರದ್ದು ಹಾಕಿಸಿದೆ, ಜೊತೆಗೆ 2 ಡಿಗ್ರಿಯ ಕಬ್ಬಿಣದ ಬೆಣೆ, ಮೂತಿ ಕೆಳಗಾಗುವಂತೆ. ಮಿಸ್ತ್ರಿ ಯು ಬೋಲ್ಟ್ ಬಿಗಿಯುತ್ತಲೇ “ಇದು ಸೊಟ್ಟ ಆತ್ರಿ” ಎಂದರು. ಎತ್ತರದ ಠೀವಿ ಅರ್ಧ ಹೋಯಿತು. ಕಾತ್ರಜ್ ಹತ್ತುವಾಗ ಲಿವರ್ ಈಗ ಸುಮ್ಮನಿದೆ. ಖೇಡ್ ಶಿವಾಪುರದ ಕಡೆ ಇಳಿಯುತ್ತ ಕಾಲು ತೆಗೆದರೆ ಮೂತಿ ಇನ್ನಷ್ಟು ತಗ್ಗಿ ಸಣ್ಣಗೆ ಗುಂಯ್ ಅನ್ನುತ್ತದೆ. ಆ ಸದ್ದು ನಾನೇ ಆರಿಸಿಕೊಂಡದ್ದು.