ಪುರವರ್ಣನೆಯಲ್ಲಿ ಪುರಜನರು

ಮಹಾಕಾವ್ಯಕ್ಕೆ ಅಂಗಗಳಾದ ವರ್ಣನೆಗಳನ್ನು ಎಣಿಸುವಾಗ ದಂಡಿಯು ಕಾವ್ಯಾದರ್ಶದಲ್ಲಿ ನಗರವನ್ನೇ ಮೊದಲು ಹೇಳಿರುವನು. ಸಮುದ್ರ, ಪರ್ವತ, ಋತು, ಚಂದ್ರಸೂರ್ಯೋದಯಗಳು ಅದರ ತರುವಾಯ ಬರುತ್ತವೆ. ಕನ್ನಡದಲ್ಲಿ ಕವಿರಾಜಮಾರ್ಗವು ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿತು. ಚಂಪೂಕವಿಗಳು ಅಷ್ಟಾದಶವರ್ಣನೆಗಳನ್ನು ಕಾವ್ಯಧರ್ಮವೆಂದೇ ಗ್ರಹಿಸಿದರು. ಅಗಳು, ಕೋಟೆ, ಉಪ್ಪರಿಗೆ, ಉಪವನ, ಅಂಗಡಿಬೀದಿ ಎಂಬ ಕ್ರಮವನ್ನು ನಾವೆಲ್ಲರೂ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಈ ವರ್ಣನೆಗಳಲ್ಲಿ ಶ್ಲೇಷವೆಲ್ಲಿ, ಉತ್ಪ್ರೇಕ್ಷೆಯೆಲ್ಲಿ ಎಂಬ ವಿಚಾರವು ಯಥೇಷ್ಟವಾಗಿ ನಡೆದಿದೆ. ಆ ಪುರದಲ್ಲಿ ಬಾಳುವ ಜನಕ್ಕೆ ವರ್ಣನೆಯಲ್ಲಿ ಏನು ಸ್ಥಾನವೆಂಬ ವಿಚಾರವಾದರೋ ವಿರಳ. ಇದು ಕೇವಲ ಅಲಂಕಾರಶಾಸ್ತ್ರದ ಪ್ರಶ್ನೆಯಲ್ಲವೆಂದು ನನಗೆ ತೋರಿದುದು ಮೈಸೂರಿನಲ್ಲಿ ನಡೆದ ಒಂದು ಚರ್ಚೆಯಿಂದ.

ಮೈಸೂರಿಗೆ ನಗರರಚನೆಯ ವಿಚಾರವು ಹೊಸತಲ್ಲ. ೧೯೦೩ರಷ್ಟು ಹಿಂದೆಯೇ ಅಲ್ಲಿ ನಗರಸುಧಾರಣೆಗೆಂದು ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಆದರೆ ಈಚಿನ ವರ್ಷಗಳಲ್ಲಿ ಪುರಜನರ ಮಾತು ಹೆಚ್ಚಾಗಿ ಎರಡು ಕಟ್ಟಡಗಳ ಸುತ್ತ ತಿರುಗಿದೆ. ೧೮೯೨ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ೨೦೧೨ರಲ್ಲಿ ಕುಸಿದು ಪ್ರಾಣಹಾನಿಯಾಯಿತು. ದೇವರಾಜ ಮಾರುಕಟ್ಟೆಯ ಉತ್ತರದ್ವಾರದ ಭಾಗವು ೨೦೧೬ರಲ್ಲಿ ಬಿದ್ದಿತು. ಇವನ್ನು ದುರಸ್ತಿಮಾಡಿ ಉಳಿಸಬೇಕೆಂಬುದು ಒಂದು ಪಕ್ಷ. ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕೆಂಬುದು ಇನ್ನೊಂದು. ತಜ್ಞರ ಸಮಿತಿಗಳೂ ಒಮ್ಮತಕ್ಕೆ ಬರಲಿಲ್ಲ. ವಿವಾದವು ಉಚ್ಚನ್ಯಾಯಾಲಯದವರೆಗೂ ಹೋಯಿತು.

ಈ ವಿಷಯದ ಒಂದು ಸಭೆಯಲ್ಲಿ ನಾನೂ ಮಾತನಾಡಿದೆನು. ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದಂಗಡಿಗಳಲ್ಲಿ ವಿದ್ಯಾರ್ಥಿದೆಸೆಯಲ್ಲಿ ವ್ಯಾಕರಣಗ್ರಂಥಗಳನ್ನು ಕೊಂಡವನಾದುದರಿಂದ ನನಗೆ ಅಭಿಮಾನವುಂಟು. ಕಮಾನುಗಳ ಸೊಬಗು, ಕಂಬಗಳ ಸಾಲು, ಪೂರ್ವಿಕರ ಅಭಿರುಚಿ, ಇವನ್ನು ಕಾಲುಗಂಟೆ ಬಣ್ಣಿಸಿದೆನು; ಚಪ್ಪಾಳೆಯೂ ಆಯಿತು. ಆಗ ಹಿಂದೆ ಕುಳಿತಿದ್ದ ಹೂವಾಡಗಿತ್ತಿಯೊಬ್ಬಳು ಎದ್ದು, “ಸ್ವಾಮೀ, ಉಳಿಸೋರಾದರೂ ಉಳಿಸಲಿ, ಕೆಡವೋರಾದರೂ ಕೆಡವಲಿ. ಕೆಲಸ ಮುಗಿಯೋ ತನಕ ನಾನು ಬುಟ್ಟಿ ಎಲ್ಲಿ ಇಡಲಿ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ, ಎದುರುಪಕ್ಷದ ವಕ್ತಾರರಲ್ಲಿಯೂ ಇರಲಿಲ್ಲ. ನಾನು ಮಾಡಿದುದು ಪುರವರ್ಣನೆ. ಅವರು ಮಾಡಿದುದೂ ಪುರವರ್ಣನೆಯೇ. ನಾನು ಕಮಾನನ್ನು ವರ್ಣಿಸಿದೆನು, ಅವರು ಬಿರುಕನ್ನು ವರ್ಣಿಸಿದರು. ಇಬ್ಬರ ವರ್ಣನೆಯಲ್ಲಿಯೂ ಅವಳು ಇರಲಿಲ್ಲ.

ಮನೆಗೆ ಬಂದು ಗ್ರಂಥಗಳನ್ನು ಮತ್ತೆ ತಿರುವಿದೆನು. ನಮ್ಮ ಕಾವ್ಯಗಳ ಪುರಗಳಲ್ಲಿ ಹೂವಾಡಗಿತ್ತಿಯರು ಇಲ್ಲದಿಲ್ಲ. ಆದರೆ ಅವರು ಕವಿಯ ಚಮತ್ಕಾರಕ್ಕೆ ಆಲಂಬನ ಮಾತ್ರ. ಅವರ ಹೂವು ಎಲ್ಲಿಂದ ಬಂದಿತು, ಮಾರದೆ ಉಳಿದುದು ಏನಾಯಿತು ಎಂಬುದು ವರ್ಣನೆಗೆ ಹೊರಗು. ಇದು ಕವಿಗಳ ನಿರ್ದಯತೆಯೆಂದು ನಾನು ಹೇಳುವುದಿಲ್ಲ, ಪ್ರಕಾರದ ಕಟ್ಟು. ನಗರವನ್ನು ಪ್ರಥಮವರ್ಣ್ಯವೆಂದ ಆ ದಂಡಿಗೇ ಆರೋಪಿತವಾದ ದಶಕುಮಾರಚರಿತದ ಗದ್ಯವನ್ನು ನೋಡಿದರೆ, ಅಲ್ಲಿ ಅಪಹಾರವರ್ಮನು ಚಂಪಾನಗರದಲ್ಲಿ ಜೂಜುಕೋರರೊಡನೆಯೂ ಲೋಭಿವರ್ತಕರೊಡನೆಯೂ ವ್ಯವಹರಿಸುವನು. ಪಟ್ಟಣವು ಒಳಗಿನಿಂದ ಕಾಣುತ್ತದೆ. ಲಕ್ಷಣವು ಹೇಳಿದ ಪುರ ಒಂದು, ಕಥೆಯು ಕಂಡ ಪುರ ಇನ್ನೊಂದು.

ಕಾವ್ಯವು ಬಿಟ್ಟುದನ್ನು ಶಾಸ್ತ್ರವು ಹೇಳಿರಬಹುದಷ್ಟೆ ಎಂದು ಅರ್ಥಶಾಸ್ತ್ರವನ್ನು ನೋಡಿದೆನು. ಈ ಗ್ರಂಥಕ್ಕೂ ಮೈಸೂರಿಗೂ ಇರುವ ಸಂಬಂಧವು ವಿದ್ವಾಂಸರಿಗೆ ವಿದಿತವೇ ಆಗಿದೆ. ೧೯೦೫ರಲ್ಲಿ ಇದರ ತಾಳೆಯೋಲೆಯ ಪ್ರತಿಯು ಇಲ್ಲಿಯ ಪ್ರಾಚ್ಯಗ್ರಂಥಾಲಯಕ್ಕೆ ಬಂದಿತು, ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. ಅದರ ದುರ್ಗನಿವೇಶಪ್ರಕರಣದಲ್ಲಿ ರಾಜಮಾರ್ಗಗಳ ಅಗಲದಿಂದ ಮೊದಲ್ಗೊಂಡು ಯಾವ ಕಸುಬಿನವರು ಯಾವ ದಿಕ್ಕಿನಲ್ಲಿರಬೇಕೆಂಬವರೆಗೆ ವಿಧಿಗಳಿವೆ. ಹತ್ತು ಕುಟುಂಬಗಳಿಗೊಂದು ಬಾವಿಯಿರಬೇಕೆಂದು ಅದು ಹೇಳುತ್ತದೆ. ಎಂತಹ ಲೋಕಹಿತವಾದ ಮಾತು! ಆದರೆ ಅದೇ ಪ್ರಕರಣವು ಪಾಷಂಡರಿಗೂ ಚಂಡಾಲರಿಗೂ ಶ್ಮಶಾನದ ಅಂಚಿನಲ್ಲಿ ವಾಸವನ್ನು ವಿಧಿಸಿದೆ. ಬಾವಿಯ ಲೆಕ್ಕವನ್ನು ಕೊಂಡಾಡಿ ಶ್ಮಶಾನದ ಅಂಚನ್ನು ಮರೆಮಾಚುವುದು ಪಂಡಿತಧರ್ಮವಲ್ಲ. ಪ್ರಾಚೀನರ ನಗರಯೋಜನೆಯನ್ನು ಹೊಗಳುವ ಉಪನ್ಯಾಸಗಳಲ್ಲಿ ಮೊದಲನೆಯ ವಾಕ್ಯವನ್ನು ಉದಾಹರಿಸಿ ಎರಡನೆಯದನ್ನು ಬಿಡುವ ರೂಢಿಯುಂಟು. ನಾನೂ ಹಾಗೆ ಮಾಡಿದವನೇ. ಬಾವಿಯನ್ನು ಎಲ್ಲರಿಗೂ ಅನ್ವಯಿಸಿ, ಆ ಅಂಚನ್ನು ನಿಸ್ಸಂಶಯವಾಗಿ ತ್ಯಜಿಸತಕ್ಕುದು.

ಹೀಗಿರಲು, ಆ ಅಂಚಿನಲ್ಲಿ ನಿಂತು ಪುರವನ್ನು ನೋಡಿದ ಕವಿ ನಮ್ಮಲ್ಲಿ ಉಂಟೆ? ಉಂಟು. ರಾಘವಾಂಕನು ಹರಿಶ್ಚಂದ್ರಕಾವ್ಯದಲ್ಲಿ ಅಯೋಧ್ಯೆಯ ಅರಸನನ್ನು ಕಾಶಿಯ ಬೀದಿಯಲ್ಲಿ ಮಾರಿಸಿ, ವೀರಬಾಹುವಿನ ಆಳಾಗಿ ಸುಡುಗಾಡಿಗೆ ಕಳುಹಿಸುವನು. ಸತ್ತ ಮಗನನ್ನು ಹೊತ್ತು ಬಂದ ಚಂದ್ರಮತಿಯಿಂದಲೂ ಅವನು ಸುಡುಗಾಡಿನ ತೆರೆಯನ್ನು ಬೇಡಬೇಕಾಗುತ್ತದೆ. ಶಾಸ್ತ್ರವು ಯಾರನ್ನು ಅಂಚಿಗೆ ತಳ್ಳಿತೋ ಅವರ ಜಾಗಕ್ಕೆ ಕವಿಯು ಚಕ್ರವರ್ತಿಯನ್ನೇ ಕರೆತಂದನು. ವಾಚಕನಿಗೆ ಕಾಶಿಯು ಅಲ್ಲಿಂದ ಕಾಣುತ್ತದೆ. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಂತೂ ನರೆದಲೆಗವೂ ವ್ರೀಹಿಯೂ ರಾಮನ ಸಭೆಯಲ್ಲಿ ವಾದಿಸುತ್ತವೆ. ಅಲ್ಲಿ ನೋಟದ ಅಂದದಿಂದ ತೀರ್ಪಾಗುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಯಾವುದು ಬಾಳಿತೆಂದು ನೋಡಿ ತೀರ್ಪಾಗುತ್ತದೆ. ನಗರದ ಯೋಜನೆಯನ್ನು ತೂಗುವವರಿಗೆ ಇದಕ್ಕಿಂತ ಯೋಗ್ಯವಾದ ನಿಕಷವು ದುರ್ಲಭ.

ಇಲ್ಲಿ ಪೂರ್ವಪಕ್ಷವುಂಟು: “ಜನರು ಬೇರೆ ಕಡೆಗೆ ಹೋಗಿಯಾದರೂ ಬದುಕಿಯಾರು, ಬಿದ್ದ ಕಟ್ಟಡವು ಮರಳಿ ಬಾರದು. ಆದುದರಿಂದ ಕಟ್ಟಡವೇ ಮುಖ್ಯ”ವೆಂದು. ಕಟ್ಟಡವು ರಕ್ಷಣೀಯವೆಂಬಲ್ಲಿ ನನಗೆ ವಿವಾದವಿಲ್ಲ. ನನ್ನ ಮತವು ಇಂದಿಗೂ ದುರಸ್ತಿಯ ಕಡೆಗೇ. ಆದರೆ ‘ಪರಂಪರೆ’ಯೆಂಬ ಶಬ್ದವನ್ನು ಕಲ್ಲುಗಾರೆಗೆ ಮಾತ್ರ ಮೀಸಲಿಡುವುದು ಶಬ್ದಕ್ಕೆ ಮಾಡುವ ಅನ್ಯಾಯ. ಒಬ್ಬರಾದ ಮೇಲೆ ಒಬ್ಬರು ಎಂಬುದೇ ಅದರ ಅರ್ಥ. ಗುರುವಿನಿಂದ ಶಿಷ್ಯನಿಗೆ ಬಂದುದು ಪರಂಪರೆಯಾದರೆ, ಮಲ್ಲಿಗೆಯನ್ನು ಕಟ್ಟುವ ಕೈಚಳಕವು ತಾಯಿಯಿಂದ ಮಗಳಿಗೆ ಬಂದುದೂ ಪರಂಪರೆಯೇ. ಬೆಂಗಳೂರಿನ ಸಂಪಂಗಿಕೆರೆಯನ್ನು ನೋಡಿರಿ. ಕೆರೆಯು ಹೋಗಿ ಕಂಠೀರವ ಕ್ರೀಡಾಂಗಣವಾಯಿತು. ಆದರೂ ಅದರ ಬದಿಯಲ್ಲಿ ಒಂದು ಸಣ್ಣ ಕೊಳವು ಉಳಿದಿದೆ. ಉಳಿದುದೇಕೆ? ತಿಗಳ ಸಮುದಾಯದವರ ಕರಗದ ವಿಧಿಗೆ ಅದು ಬೇಕಾಗಿರುವುದರಿಂದ. ಜನರ ಬಳಕೆಯೇ ಆ ನೀರನ್ನು ಉಳಿಸಿತು. ಬಳಸುವವರನ್ನು ಹೊರಡಿಸಿ ರಕ್ಷಿಸಿದ ಮಾರುಕಟ್ಟೆಯು ಅರ್ಥವನ್ನು ಕಳೆದುಕೊಂಡ ಪದದಂತೆ ವರ್ಣಮಾತ್ರಶೇಷವಾಗುತ್ತದೆ.

ಇದರಿಂದ ಸಿದ್ಧಿಸುವುದಿಷ್ಟು. ನಗರದ ಯಾವ ಯೋಜನೆಯನ್ನಾದರೂ ಒಂದು ಗ್ರಂಥದಂತೆಯೇ ವಿಮರ್ಶಿಸತಕ್ಕುದು. ಅದರಲ್ಲಿ ಪುರಜನರ ಹೆಸರು ಬಂದಿದೆಯೆ? ಕೆಲಸ ನಡೆಯುವಾಗ ಅವರಿಗೆ ಎಡೆಯೆಲ್ಲಿ? ಮುಗಿದ ಮೇಲೆ ಅವರು ತೆರಬಲ್ಲ ಬಾಡಿಗೆಗೆ ಹಿಂತಿರುಗಬಹುದೆ? ಅದು ಅವರು ಓದಬಲ್ಲ ಕನ್ನಡದಲ್ಲಿ ಇದೆಯೆ? ಈ ನಾಲ್ಕಕ್ಕೆ ಉತ್ತರವಿಲ್ಲದ ಯೋಜನೆಯು ಎಷ್ಟು ಸುಂದರವಾದರೂ ಪುರವರ್ಣನೆ ಮಾತ್ರ.

ಸಾಹಿತ್ಯದ ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆಯೊಂದುಂಟು. ಪುರವರ್ಣನೆಯನ್ನು ಪಾಠ ಹೇಳುವಾಗ ಅಲಂಕಾರವನ್ನು ತಿಳಿಸಿದ ಬಳಿಕ, “ಈ ಊರಿನಲ್ಲಿ ಕವಿಯು ಕಾಣದೆ ಬಿಟ್ಟವರು ಯಾರು?” ಎಂದು ವಿದ್ಯಾರ್ಥಿಗಳನ್ನು ಒಮ್ಮೆ ಕೇಳಬೇಕು. ನಮಗೆ ಯಾರೂ ಹಾಗೆ ಕೇಳಿರಲಿಲ್ಲ. ಆದುದರಿಂದಲೇ ನಾನು ಐವತ್ತು ದಾಟಿದ ಮೇಲೆ ಅದನ್ನು ಹೂವಾಡಗಿತ್ತಿಯಿಂದ ಕಲಿಯಬೇಕಾಯಿತು. ಆಕೆಯ ಪ್ರಶ್ನೆಗೆ ನಾನಿನ್ನೂ ಉತ್ತರವನ್ನು ಕೊಟ್ಟಿಲ್ಲ. ಬಲ್ಲವರು ವಿಚಾರಿಸಬೇಕೆಂದು ಅದನ್ನು ಇಲ್ಲಿ ಬರೆದಿಟ್ಟಿರುವೆನು.