ಅಮರ ಚಿತ್ರಕಥೆಯ ಆದಿಯ ಹತ್ತು ಪುಸ್ತಕಗಳು

ಗ್ರಂಥವಿಮರ್ಶೆಗೆ ಹೊರಟವನು ಮೊದಲು ಗ್ರಂಥವನ್ನು ಮುಂದಿಟ್ಟುಕೊಳ್ಳಬೇಕು. ಇದು ಹೇಳಬೇಕಾದ ಮಾತೇ ಅಲ್ಲವೆಂದು ವಾಚಕಮಹಾಶಯರಿಗೆ ತೋರಬಹುದು. ಆದರೆ ನಾನು ಹನ್ನೊಂದು ವರ್ಷಗಳಿಂದ ಒಂದು ವಿಮರ್ಶೆಯನ್ನು ಬರೆಯಬೇಕೆಂದಿದ್ದು, ಗ್ರಂಥವು ದೊರೆಯದ ಕಾರಣದಿಂದ ಬರೆಯಲಾರದೆ ಇದ್ದೇನೆ. ಅದು ಓಲೆಗರಿಯ ಪ್ರತಿಯೂ ಅಲ್ಲ, ನೆಲದಲ್ಲಿ ಹೂತುಹೋದ ಶಿಲಾಶಾಸನವೂ ಅಲ್ಲ. ೧೯೬೫ರಲ್ಲಿ ಬೆಂಗಳೂರಿನಿಂದ ಹೊರಟು, ಅಂಗಡಿಗಳಲ್ಲಿ ಮಾರಾಟವಾಗಿ, ಮಕ್ಕಳ ಕೈಸೇರಿದ ಚಿತ್ರಕಥೆಗಳು, ಸಂಖ್ಯೆಯಲ್ಲಿ ಹತ್ತು. ‘ಅಮರ ಚಿತ್ರಕಥೆ’ ಎಂಬ ಪ್ರಸಿದ್ಧ ಮಾಲೆಯ ಆದಿಯ ಹತ್ತು ಪುಸ್ತಕಗಳು ಇವೇ. ಈ ಮಾಲೆಯ ಕನ್ನಡ ಪುಸ್ತಕಗಳನ್ನು ಒಂದೊಂದಾಗಿ ಕೂಡಿಸುತ್ತ ಬಂದಿರುವ ನನ್ನ ಪೆಟ್ಟಿಗೆಯಲ್ಲಿ ಈ ಹತ್ತರೊಳಗೆ ಒಂದೂ ಇಲ್ಲ.

ಮಾಲೆಯ ಇಂಗ್ಲಿಷ್ ಪುಸ್ತಕಗಳನ್ನು ಕ್ರಮವಾಗಿ ಜೋಡಿಸಿದವರು ಒಂದು ವಿಚಿತ್ರವನ್ನು ಕಂಡಿರಬಹುದು. ಅಲ್ಲಿ ಮೊದಲನೆಯದಾದ ‘ಕೃಷ್ಣ’ದ ಸಂಖ್ಯೆಯು ೧ ಅಲ್ಲ, ೧೧. ಬಳಿಕ ‘ಶಕುಂತಲಾ’ ೧೨, ಪಾಂಡವಕುಮಾರರ ಕಥೆ ೧೩, ‘ಸಾವಿತ್ರಿ’ ೧೪, ಹೀಗೆ ಸಾಗುತ್ತದೆ. ಹಾಗಾದರೆ ಒಂದರಿಂದ ಹತ್ತರವರೆಗಿನ ಪುಸ್ತಕಗಳೆಲ್ಲಿ? ಉತ್ತರವು ಕನ್ನಡದಲ್ಲಿದೆ. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಪುಸ್ತಕವ್ಯಾಪಾರದಲ್ಲಿದ್ದ ಜಿ. ಕೆ. ಅನಂತರಾಮ್ ಅವರು, ನಮ್ಮ ಮಕ್ಕಳಿಗೆ ನಮ್ಮ ನುಡಿಯಲ್ಲಿಯೇ ಚಿತ್ರಕಥೆಗಳಿರಬೇಕೆಂದು ಯೋಚಿಸಿ, ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ಹೊರತರಿಸಿದರು. ಅವಕ್ಕೆ ದೊರೆತ ಮನ್ನಣೆಯನ್ನು ಕಂಡು ಮುಂಬಯಿಯವರು ಇಂಗ್ಲಿಷಿನಲ್ಲಿ ಮಾಲೆಯನ್ನು ಮುಂದುವರಿಸಿದರು. ಆ ಕಾರ್ಯವು ೧೯೨೯ರಲ್ಲಿ ಕಾರ್ಕಳದಲ್ಲಿ ಜನಿಸಿದ ಅನಂತ ಪೈಯವರ ಪಾಲಿಗೆ ಬಂದಿತು. ೨೦೧೧ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಮಾಲೆಯು ನಾನೂರು ಪುಸ್ತಕಗಳನ್ನು ಮೀರಿ ಬೆಳೆದಿತ್ತು.

ಮಾಲೆಯ ಹುಟ್ಟಿಗೆ ಇನ್ನೊಂದು ಕಥೆಯೂ ಉಂಟು. ೧೯೬೭ರಲ್ಲಿ ದೆಹಲಿಯ ದೂರದರ್ಶನದ ಪ್ರಶ್ನೋತ್ತರ ಸ್ಪರ್ಧೆಯೊಂದರಲ್ಲಿ, ಗ್ರೀಕರ ಪುರಾಣವನ್ನು ಬಲ್ಲ ವಿದ್ಯಾರ್ಥಿಗಳು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ಕಂಡು ಪೈಯವರು ನೊಂದುಕೊಂಡರೆಂದೂ, ಅದರಿಂದಲೇ ಈ ಮಾಲೆ ಹುಟ್ಟಿತೆಂದೂ ಹೇಳುವರು. ಎರಡೂ ಕಥೆಗಳು ಪರಸ್ಪರ ವಿರುದ್ಧವಲ್ಲ. ಒಂದು ಬೀಜದ ಮಾತು, ಇನ್ನೊಂದು ಬೆಳೆಯ ಮಾತು. ಆದರೆ ಬೆಳೆಯ ಕಥೆಯು ಊರೂರಿಗೆ ತಿಳಿದಿದೆ. ಬೀಜದ ಕಥೆಗೆ ಪುಸ್ತಕದ ಮೇಲಿನ ೧೧ ಎಂಬ ಅಂಕೆಯೊಂದೇ ನಿತ್ಯಸಾಕ್ಷಿಯಾಗಿ ಉಳಿದಿದೆ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಆ ಹತ್ತೂ ಪರದೇಶದ ಕಥೆಗಳು: ಸಿಂಡರೆಲ್ಲಾ, ಪಿನೋಕಿಯೋ, ಬಳ್ಳಿಯನ್ನು ಹತ್ತಿ ಆಕಾಶಕ್ಕೇರಿದ ಜ್ಯಾಕ್, ಏಳು ಮಂದಿ ಕುಳ್ಳರ ಮನೆ ಸೇರಿದ ರಾಜಪುತ್ರಿ, ಇಂಥವು. ಕಥೆ ನಮ್ಮದಲ್ಲ, ಚಿತ್ರ ನಮ್ಮದಲ್ಲ. ಅವು ಲುಪ್ತವಾದರೆ ಕನ್ನಡಕ್ಕೇನು ನಷ್ಟವೆಂದು ಮಿತ್ರರೊಬ್ಬರು ನನ್ನನ್ನು ಕೇಳಿದರು. ಇದಕ್ಕೆ ಸಮಾಧಾನವು ಕಷ್ಟವಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಮೂಲವು ಆಂಗ್ಲಕವಿ ಬ್ರೌನಿಂಗನ ಕವನ, ಅದರ ಇಲಿಗಳು ಈಗ ಅಚ್ಚ ಕನ್ನಡದ ಇಲಿಗಳು. ಕಥೆಯು ಎಲ್ಲಿಂದ ಬಂದಿತೆಂಬುದಕ್ಕಿಂತ ಯಾವ ಮಾತಿನಲ್ಲಿ ನೆಲೆಸಿತೆಂಬುದು ಮುಖ್ಯ.

ನಾನು ಆ ಪುಸ್ತಕಗಳಲ್ಲಿ ನೋಡಬೇಕೆಂದಿರುವುದೂ ಅದನ್ನೇ. ಜ್ಯಾಕನ ಬಳ್ಳಿಯನ್ನು ಅನುವಾದಕರು ಏನೆಂದು ಕರೆದರು? ಅವರೆಬಳ್ಳಿ ಎಂದಿದ್ದರೆ ನಮ್ಮ ಮಾಲೂರಿನ ಹುಡುಗನು ಹೊಲದ ಬದುವಿನಲ್ಲಿ ನಿಂತು ಆಕಾಶವನ್ನು ನೋಡಿಯಾನು. ಹೆಸರನ್ನು ಇಂಗ್ಲಿಷಿನಲ್ಲಿಯೇ ಬಿಟ್ಟಿದ್ದರೆ ಪುಟವನ್ನು ತಿರುಗಿಸಿ ಮುಂದೆ ಹೋದಾನು. ಆ ದೇಶದ ದೇವಕನ್ನಿಕೆಯು ಕನ್ನಡದಲ್ಲಿ ಕಿನ್ನರಿಯಾದಳೋ ಯಕ್ಷಿಣಿಯಾದಳೋ? ಮಲತಾಯಿಯು ಸಿಂಡರೆಲ್ಲಾಳನ್ನು ಗದರಿಸುವಾಗ ಗ್ರಂಥಭಾಷೆಯಲ್ಲಿ ಗದರಿಸಿದಳೋ ಅಡಿಗೆಮನೆಯ ಮಾತಿನಲ್ಲಿಯೋ? ಚಿತ್ರಕಥೆಯಲ್ಲಿ ಮಾತಿಗೆ ಒದಗುವ ಸ್ಥಳವು ಬಾಯಿಂದ ಹೊರಟ ಒಂದು ಗುಳ್ಳೆಯಷ್ಟು. ಇಂಗ್ಲಿಷ್ ಅಕ್ಷರಕ್ಕೆಂದು ಅಳೆದು ಬರೆದ ಆ ಗುಳ್ಳೆಯೊಳಗೆ, ಒತ್ತಕ್ಷರಗಳಿಂದ ಕೆಳಗೂ ಗುಡಿಸುಗಳಿಂದ ಮೇಲೂ ಎಡೆಯನ್ನು ಬೇಡುವ ಕನ್ನಡವನ್ನು ಕೂರಿಸಬೇಕಾದವರು ಮಾತನ್ನು ಎಷ್ಟು ಬಿಗಿಮಾಡಿದರು, ಏನನ್ನು ಬಿಟ್ಟರು? ಈ ಪ್ರಶ್ನೆಗಳಿಗೆ ಪುಸ್ತಕವೇ ಉತ್ತರ ಹೇಳಬೇಕು. ಊಹೆಯಿಂದ ಹೊಗಳಿದರೆ ಅದು ಭಕ್ತಿ, ಊಹೆಯಿಂದ ತೆಗಳಿದರೆ ಅದು ದ್ವೇಷ, ಎರಡೂ ವಿಮರ್ಶೆಯಲ್ಲ.

ನಮ್ಮ ಸೀಮೆಗೆ ಇದು ವಿನೋದದ ಮಾತಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಅನೇಕ ಮನೆಗಳಲ್ಲಿ ಮಗುವು ತಾಯಿಯೊಡನೆ ಆಡುವ ಮಾತು ತೆಲುಗು. ಕನ್ನಡವು ಪಾಠಶಾಲೆಯಲ್ಲಿ ಎದುರಾಗುವ ಭಾಷೆ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಪಾಠದ ಪುಸ್ತಕದ ಮುಂದೆ ತಲೆತಗ್ಗಿಸಿ ಕುಳಿತಿರುತ್ತಿದ್ದ ಹುಡುಗರು ‘ಹನುಮಂತ’ನ ಚಿತ್ರಕಥೆಯನ್ನು ಕೈಗೆ ಕೊಟ್ಟೊಡನೆ ಒಬ್ಬರ ಮೇಲೊಬ್ಬರು ಬಿದ್ದು ಗಟ್ಟಿಯಾಗಿ ಓದಿದುದನ್ನು ಕಂಡಿದ್ದೇನೆ. ಚಿತ್ರವು ಅರ್ಥವನ್ನು ಹೇಳುತ್ತಿತ್ತು, ಅಕ್ಷರವು ಅದಕ್ಕೆ ಕನ್ನಡದ ಹೆಸರನ್ನು ಕೊಡುತ್ತಿತ್ತು. ಭಯವಿಲ್ಲದೆ ಅವರು ಓದಿದ ಮೊದಲ ಕನ್ನಡವು ಅದೇ. ಅಂಥ ಕಾರ್ಯವನ್ನು ಮಾಡಿದ ಮಾಲೆಯ ಮೊದಲ ಹತ್ತು ಹೆಜ್ಜೆಗಳನ್ನು ತಿಳಿಯಬೇಕೆಂಬುದು ಉಪಾಧ್ಯಾಯನಿಗೆ ಸಹಜವಾದ ಆಸೆ.

ಆದರೆ ಆಸೆಗೂ ಪೆಟ್ಟಿಗೆಗೂ ನಡುವೆ ಇರುವ ದಾರಿ ದೊಡ್ಡದು. ಈ ಪುಸ್ತಕಗಳು ೩೨ ಪುಟಗಳವು. ಬೆನ್ನಿಗೆ ತಂತಿಯ ಹೊಲಿಗೆ. ತಂತಿಯು ತುಕ್ಕು ಹಿಡಿದೊಡನೆ ನಡುವಿನ ಹಾಳೆಯು ಮೊದಲು ಕಳಚುತ್ತದೆ. ಅದರೊಡನೆ ಹದಿನೈದರಿಂದ ಹದಿನೆಂಟರವರೆಗಿನ ಪುಟಗಳು ಹೋಗುತ್ತವೆ. ಹದಿನಾಲ್ಕನೆಯ ಪುಟದಲ್ಲಿ ಯುದ್ಧಕ್ಕೆ ಹೊರಟ ವೀರನು ಹತ್ತೊಂಬತ್ತನೆಯ ಪುಟದಲ್ಲಿ ಸಿಂಹಾಸನದ ಮೇಲಿರುತ್ತಾನೆ; ಗೆದ್ದ ಬಗೆಯನ್ನು ಓದುಗನೇ ಕಲ್ಪಿಸಿಕೊಳ್ಳಬೇಕು. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿಗಳವರು ಐದಾರನ್ನು ಸೇರಿಸಿ ರಟ್ಟು ಕಟ್ಟಿಸುವಾಗ ಹೊದಿಕೆಗಳನ್ನು ಕತ್ತರಿಸಿ ಎಸೆಯುತ್ತಿದ್ದುದೂ ಉಂಟು. ಹೊದಿಕೆಯೊಡನೆ ಸಂಖ್ಯೆಯೂ ಹೋಯಿತು. ಮರದ ತಿರುಳಿನ ಅಗ್ಗದ ಕಾಗದವು ತನ್ನೊಳಗಿನ ಆಮ್ಲದಿಂದ ತಾನೇ ಕಂದಿ ಪುಡಿಯಾಗುತ್ತದೆ. ಓಲೆಗರಿಯು ಮುನ್ನೂರು ವರ್ಷ ಬಾಳಿದ ಮನೆಯಲ್ಲಿ ಈ ಕಾಗದವು ಅರವತ್ತು ವರ್ಷ ಬಾಳುವುದಿಲ್ಲ.

ಕೋಲಾರದ ಗುಜರಿ ಅಂಗಡಿಗಳಲ್ಲಿ ತೂಕದ ಕಾಗದದ ರಾಶಿಯನ್ನು ಕೆದಕಿದ್ದೇನೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದವರೆದುರು ಕುಕ್ಕರಗಾಲಿನಲ್ಲಿ ಕುಳಿತಿದ್ದೇನೆ. ಒಮ್ಮೆ ದೂರದ ಊರಿನ ವರ್ತಕರೊಬ್ಬರು ಆದಿಯ ಪುಸ್ತಕಗಳಿವೆಯೆಂದು ತಿಳಿಸಿದರು. ಒಂದು ತಿಂಗಳ ಪಿಂಚಣಿಯಲ್ಲಿ ದೊಡ್ಡ ಪಾಲನ್ನು ಕಳುಹಿಸಿದೆ. ಬಂದ ಕಟ್ಟಿನಲ್ಲಿದ್ದುದು ಹೊದಿಕೆಯಿಲ್ಲದ ‘ಹರಿಶ್ಚಂದ್ರ’ನ ಮೂರು ಪ್ರತಿಗಳು! ಸತ್ಯವನ್ನೇ ನುಡಿದವನ ಕಥೆಯು ಈ ವಿಧವಾಗಿ ಬಂದುದಕ್ಕೆ ನಗಬೇಕೋ ಅಳಬೇಕೋ ತಿಳಿಯದಾಯಿತು.

ಹೀಗೆ ಅಲೆದುದರಿಂದ ವಿಮರ್ಶಕನಿಗೆ ಉಪಯೋಗವಾದ ಒಂದು ಸಂಗತಿಯನ್ನು ಕಲಿತೆನು. ಚೆನ್ನಾಗಿ ಉಳಿದು ಬಂದಿರುವ ಪ್ರತಿಗಳು ಹೆಚ್ಚಾಗಿ ಮಕ್ಕಳಿಗೆ ರುಚಿಸದ ಪುಸ್ತಕಗಳು. ಓದಿದ್ದು ಹರಿಯಿತು, ಹರಿಯದೆ ಉಳಿದುದನ್ನು ಯಾರೂ ಓದಿರಲಿಲ್ಲ. ಆದುದರಿಂದ ಉಳಿದವನ್ನು ಮಾತ್ರ ಕಂಡು ಆ ಕಾಲದ ಬಾಲವಾಚಕರ ಅಭಿರುಚಿಯನ್ನು ನಿರ್ಣಯಿಸುವವರು ತಲೆಕೆಳಗಾದ ತೀರ್ಪನ್ನು ಕೊಟ್ಟಾರು. ಹತ್ತು ಪುಸ್ತಕಗಳು ಹೀಗೆ ಮರೆಯಾಗಿರುವುದು ಅವುಗಳ ಅಯೋಗ್ಯತೆಯ ಗುರುತಲ್ಲ. ಅವುಗಳ ಮೇಲಿದ್ದ ಮೋಹದ ಗುರುತಾಗಿರಬಹುದು.

ಹೊಸ ಮುದ್ರಣಗಳಿರುವಾಗ ಹಳೆಯದೇಕೆ ಎಂಬ ಪ್ರಶ್ನೆಯೂ ನಿಲ್ಲದು. ಇಂಗ್ಲಿಷ್ ಮಾಲೆಯ ಮರುಮುದ್ರಣಗಳಲ್ಲಿ ಸಂಖ್ಯೆಗಳೇ ಬದಲಾಗಿ ‘ಕೃಷ್ಣ’ವು ೫೦೧ ಆಯಿತು, ಕನ್ನಡಕ್ಕೆ ಸಾಕ್ಷಿ ಹೇಳುತ್ತಿದ್ದ ೧೧ ಎಂಬ ಅಂಕೆಯು ಅಲ್ಲಿ ಅಳಿಸಿತು. ಪಾಠವೂ ನಿಂತಲ್ಲಿ ನಿಲ್ಲಲಿಲ್ಲ. ಕೃಷ್ಣನ ಅದ್ಭುತಗಳನ್ನು ಮೊದಲು ಬೇಕೆಂದೇ ತಗ್ಗಿಸಿ ಹೇಳಿದ್ದ ಪೈಯವರು ಮುಂದಿನ ಪರಿಷ್ಕರಣದಲ್ಲಿ ಅವಕ್ಕೆ ಹೆಚ್ಚಿನ ಎಡೆಗೊಟ್ಟರು. ಶಾಪವೂ ಉಂಗುರವೂ ಇಲ್ಲದ ಭಾರತದ ಶಕುಂತಲೆಯನ್ನು ಓದಿದರೆ ಕಾಳಿದಾಸನ ಶಕುಂತಲೆಯನ್ನು ಓದಿದಂತಾಗುವುದೇ? ಹೊಸ ಮುದ್ರಣವು ಹಳೆಯದರ ಬದಲಿಗೆ ಬರಲಾರದು.

ಇಷ್ಟು ಹೇಳಿ ನನ್ನ ದೋಷವನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ಸಂಖ್ಯೆಯು ಸಂಗ್ರಾಹಕನಿಗೆ ಗಾಳದ ಹುಳು. ಪುಸ್ತಕದ ಆಸೆಯಿಂದ ಹೊರಟವನು ಬರಬರುತ್ತ ತೆರಪನ್ನು ತುಂಬುವ ಆಸೆಗೆ ಸಿಕ್ಕಿಬೀಳುತ್ತಾನೆ. ಹೋದ ಬೇಸಗೆಯಲ್ಲಿ ಶ್ರೀನಿವಾಸಪುರದಿಂದ ಬಂಧುಗಳ ಮನೆಗೆ ಬಂದಿದ್ದ ಎಂಟು ವರ್ಷದ ಹುಡುಗನು ನನ್ನ ‘ಚಾಣಕ್ಯ’ವನ್ನು ನೋಡಬೇಕೆಂದನು. “ಕೈ ತೊಳೆದು ಬಾ” ಎಂದೆ. ತೊಳೆದು ಒರಸಿಕೊಂಡು ಬಂದನು. ಆದರೂ ಪುಸ್ತಕವನ್ನು ಅವನ ಕೈಗೆ ಕೊಡದೆ ನಾನೇ ಹಾಳೆಗಳನ್ನು ತಿರುಗಿಸುತ್ತ ಹೋದೆ. “ತಾತಾ, ನೀವು ಬೇಗ ತಿರುಗಿಸ್ತೀರಿ, ನಾನಿನ್ನೂ ಓದ್ತಾ ಇದೀನಿ” ಎಂದು ಎರಡು ಸಲ ಹೇಳಿ, ಮೂರನೆಯ ಸಲ ಹೇಳದೆ ಎದ್ದು ಹೋದನು. ಒಳಗಿನಿಂದ ನೋಡುತ್ತಿದ್ದ ನನ್ನ ಮನೆಯಾಕೆ, “ನಿಧಿಗೆ ಹಾವು ಕೂತ ಹಾಗೆ ಕೂತಿದೀರಿ, ಅಷ್ಟೆ” ಎಂದಳು. ನಲವತ್ತು ವರ್ಷ ಮಕ್ಕಳಿಗೆ ಓದಿರೆಂದು ಹೇಳಿದವನು ಓದುತ್ತಿದ್ದ ಮಗುವನ್ನು ಎಬ್ಬಿಸಿ ಕಳುಹಿಸಿದ್ದೆನು. ಅಂದಿನಿಂದ, ಎರಡು ಪ್ರತಿಗಳಿರುವ ಪುಸ್ತಕಗಳಲ್ಲಿ ಒಂದೊಂದು ಜಗಲಿಯ ಮೇಲಿದೆ. ಹರಿದರೆ ಹರಿಯಲಿ. ಒಂದೇ ಪ್ರತಿಯುಳ್ಳವು ಪೆಟ್ಟಿಗೆಯಲ್ಲಿರುತ್ತವೆ. ಕೇಳಿದವರಿಗೆ ಪಕ್ಕದಲ್ಲಿ ಕುಳಿತು, ಅವರ ವೇಗಕ್ಕೆ ಓದಲು ಕೊಡುತ್ತೇನೆ. ಉಳಿಸುವುದೂ ಓದಿಸುವುದೂ ಎರಡೂ ನಡೆಯಬೇಕಾದರೆ ಇದಕ್ಕಿಂತ ಬೇರೆ ದಾರಿ ನನಗೆ ತೋಚಲಿಲ್ಲ.

ಇನ್ನು ಆದಿಯ ಹತ್ತರ ಮಾತು. ಕುವಲಾಲವೆನಿಸಿದ್ದ ನಮ್ಮ ಕೋಲಾರವು ಗಂಗರ ಮೊದಲ ರಾಜಧಾನಿ. ಆ ವಂಶದವನೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಎಣಿಸುವ ದುರ್ವಿನೀತನ ಹೆಸರು ‘ಕವಿರಾಜಮಾರ್ಗ’ದಲ್ಲಿ ಕನ್ನಡದ ಗದ್ಯಕಾರರ ನಡುವೆ ಬರುತ್ತದೆ; ಅವನ ಕನ್ನಡ ಗದ್ಯದ ಒಂದು ಸಾಲೂ ನಮಗೆ ಉಳಿದಿಲ್ಲ. ಭಾಸನೂ ಬಹುಕಾಲ ಹೀಗೆಯೇ ಬರಿಯ ಹೆಸರಾಗಿದ್ದನು; ಗಣಪತಿಶಾಸ್ತ್ರಿಗಳು ಕೇರಳದ ಓಲೆಗಳನ್ನು ಕಂಡು ೧೯೧೨ರಲ್ಲಿ ಪ್ರಕಟಿಸತೊಡಗಿದ ಮೇಲೆ ಅವನವೆಂದು ಹೇಳುವ ಹದಿಮೂರು ನಾಟಕಗಳು ಲೋಕಕ್ಕೆ ಬಂದವು. ಕೌಟಿಲ್ಯನ ಅರ್ಥಶಾಸ್ತ್ರವು ಪಂಡಿತರೊಬ್ಬರ ಮನೆಯಿಂದ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದುದರಿಂದ ೧೯೦೯ರಲ್ಲಿ ಶಾಮಶಾಸ್ತ್ರಿಗಳು ಅದನ್ನು ಅಚ್ಚಿಗೆ ತರಲಾಯಿತು. ಪೆಟ್ಟಿಗೆಯ ಚಾಣಕ್ಯನೂ ಆ ಒಂದು ಮನೆಗೆ ಋಣಿಯೇ. ದುರ್ವಿನೀತನ ಕಾಲವು ನಮ್ಮ ಕೈಗೆ ಸಿಗದು. ೧೯೬೫ ಸಿಗುವಷ್ಟು ಹತ್ತಿರದಲ್ಲಿದೆ. ಆ ಪುಸ್ತಕಗಳನ್ನು ಓದಿದ ಮಕ್ಕಳು ಇಂದು ಅಜ್ಜ ಅಜ್ಜಿಯರಾಗಿ ನಮ್ಮ ನಡುವೆಯೇ ಇದ್ದಾರೆ.

ಆದುದರಿಂದ ವಾಚಕಬಂಧುಗಳಲ್ಲಿ ಒಂದು ವಿಜ್ಞಾಪನೆ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿರಿ. ಇಂಥ ಪುಸ್ತಕವು ಕಂಡರೆ ಅಂಟು ಹಚ್ಚಬೇಡಿರಿ, ತುಕ್ಕುಹಿಡಿದ ತಂತಿಯನ್ನು ಕೀಳಬೇಡಿರಿ, ರಟ್ಟು ಕಟ್ಟಿಸಬೇಡಿರಿ. ಹೆಸರು, ಸಂಖ್ಯೆ, ಇರುವ ಪುಟಗಳು, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಸಂಘಕ್ಕೆ ಕಳುಹಿಸಿದರೆ ಸಾಕು. ಪುಸ್ತಕವು ನಿಮ್ಮಲ್ಲಿಯೇ ಇರಲಿ. ನನ್ನ ಸಂಗ್ರಹವು ಪೂರ್ಣವಾಗಬೇಕೆಂಬ ಹಟವನ್ನು ನಾನು ಬಿಟ್ಟಿದ್ದೇನೆ. ನಾನೇ ಬಂದು, ಕೈ ತೊಳೆದುಕೊಂಡು, ನಿಮ್ಮ ಜಗಲಿಯಲ್ಲಿ ಕುಳಿತು ಓದಿ ಹೋಗುತ್ತೇನೆ. ಜ್ಯಾಕನು ಹತ್ತಿದುದು ಅವರೆಬಳ್ಳಿಯೇ ಅಲ್ಲವೇ ಎಂಬುದನ್ನು ಕಂಡ ಮೇಲೆ ಆ ಬಾಕಿ ವಿಮರ್ಶೆಯನ್ನು ಈ ಪತ್ರಿಕೆಗೆ ಒಪ್ಪಿಸುವೆನು.