ಖಳನ ತಪಸ್ಸು

ತುಳುನಾಡಿನ ಬಯಲಾಟವನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ನಡುರಾತ್ರಿಯಲ್ಲಿ ತೂಕಡಿಸುತ್ತಿದ್ದವರೂ ಬಣ್ಣದ ವೇಷದ ಅಬ್ಬರ ಕೇಳಿದೊಡನೆ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ಖಳನಲ್ಲಿ ನಮಗಿರುವ ಕುತೂಹಲ ಇಂದು ನಿನ್ನೆಯದಲ್ಲ. ಆದುದರಿಂದ ನಮ್ಮ ಮನೆಗಳ ಯುವಕರು ಮೊಬೈಲಿನಲ್ಲಿ ಚೀನಾ ದೇಶದ ಸಾಧನಾಪ್ರಧಾನ ಅದ್ಭುತ ಕಾದಂಬರಿಗಳನ್ನೋದಿ, ಅವುಗಳ ದುಷ್ಟ ನಾಯಕರನ್ನು ಮೆಚ್ಚಿಕೊಂಡರೆ, ಗದರಿಸುವ ಮೊದಲು ವಿಚಾರಿಸುವುದು ಲೇಸು.

ಈ ಕಥೆಗಳಲ್ಲಿ ನಾಯಕನು ಧ್ಯಾನ, ಔಷಧ, ಮಂತ್ರಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಶಕ್ತಿಯನ್ನು ಗಳಿಸಿ, ಅಮರತ್ವದ ಕಡೆಗೆ ಸಾಗುತ್ತಾನೆ. ಗು ಝೆನ್ ರೆನ್ ಎಂಬ ಲೇಖಕರ 'ರೆವರೆಂಡ್ ಇನ್‌ಸ್ಯಾನಿಟಿ' ಇವುಗಳಲ್ಲಿ ಹೆಸರಾದುದು. 2012ರಲ್ಲಿ ಆರಂಭವಾಗಿ, ಎರಡು ಸಾವಿರಕ್ಕೂ ಮಿಕ್ಕಿದ ಅಧ್ಯಾಯಗಳಷ್ಟು ಬೆಳೆದು, 2019ರಲ್ಲಿ ಅಪೂರ್ಣವಾಗಿಯೇ ನಿಂತಿತು. ಅದರ ನಾಯಕ ಫಾಂಗ್ ಯುವಾನ್ ಐನೂರು ವರ್ಷ ಬದುಕಿ, ಮರಳಿ ತನ್ನ ಯೌವನಕ್ಕೆ ಬಂದವನು. ಅಮರತ್ವಕ್ಕೆ ಅಡ್ಡಬಂದವರನ್ನು ಕೊಲ್ಲಲು ಅವನು ಅಳುಕುವುದಿಲ್ಲ. ಕೊಂದುದಕ್ಕೆ ಮರುಗುವುದೂ ಇಲ್ಲ.

ಈ ಕೃತಿಯ ಗುಣವನ್ನು ಮರೆಮಾಚಬಾರದು. ಧರ್ಮಪಕ್ಷದವರೆಂದು ಕರೆದುಕೊಳ್ಳುವ ಅದರ ಕುಲಗಳು ಒಳಗೆ ಲಾಭದ ಲೆಕ್ಕವನ್ನೇ ಹಾಕುತ್ತವೆ. ಖಳನಾದರೋ ಮುಖವಾಡ ತೊಟ್ಟರೂ ತನ್ನನ್ನು ತಾನು ವಂಚಿಸಿಕೊಳ್ಳುವುದಿಲ್ಲ. ಯುವಕರಿಗೆ ಹಿಡಿಸಿರುವುದು ಈ ನಿಷ್ಠುರತೆ. ಅಭಿಷೇಕದ ಕಲಶಕ್ಕೆ ಧಾರಾಳವಾಗಿ ಕೊಟ್ಟು ಅದನ್ನು ಅಂಗಡಿಯ ತಕ್ಕಡಿಯಲ್ಲಿ ಹಿಂದಕ್ಕೆ ಪಡೆಯುವವರನ್ನು ಅವರು ಕಂಡಿಲ್ಲವೇ? ಹೀನಾಧಿಕ ಮಾನೋನ್ಮಾನವನ್ನು ಅಚೌರ್ಯವ್ರತದ ಅತಿಚಾರವೆಂದು ಎಣಿಸಿದ ಶಾಸ್ತ್ರ ನಮ್ಮದು. ವ್ಯಾಪಾರಿಯಾದ ನಾನು ಈ ಆಕ್ಷೇಪಣೆಗೆ ತಲೆಬಾಗಲೇಬೇಕು.

ಆದರೆ ಖಳನನ್ನು ಹತ್ತಿರದಿಂದ ಕಾಣುವ ಕಲೆ ಕನ್ನಡ ಜೈನ ಕವಿಗಳಿಗೆ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಸಿದ್ಧಿಸಿತ್ತು. ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ದ ರಾವಣ ರಾಕ್ಷಸನಲ್ಲ, ವಿದ್ಯಾಧರ. ಒಪ್ಪದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವುಳ್ಳವನು. ತಾನಾಗಿ ಒಲಿದು ಬಂದ ಉಪರಂಭೆಗೆ ಬುದ್ಧಿ ಹೇಳಿ ಪತಿಯ ಬಳಿಗೆ ಕಳುಹಿದವನು. ಯುದ್ಧದ ನಡುವೆ ಶಾಂತಿನಾಥನ ಜಿನಾಲಯದಲ್ಲಿ ಕುಳಿತು, ಶತ್ರುಗಳ ಉಪಟಳಕ್ಕೆ ಅಲುಗದೆ, ಬಹುರೂಪಿಣೀ ವಿದ್ಯೆಯನ್ನು ಸಾಧಿಸುತ್ತಾನೆ. ಅವನ ಏಕಾಗ್ರತೆಗೆ ಕವಿ ಕುಂದು ತರುವುದಿಲ್ಲ.

ಇಲ್ಲಿಯೇ ಮುಖ್ಯ ಪ್ರಶ್ನೆ. 'ಖಳನಾದರೇನು, ಅವನ ಛಲವನ್ನಾದರೂ ಮೆಚ್ಚಬೇಡವೇ?' ಎನ್ನುತ್ತಾರೆ ಯುವಕರು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ಧ್ಯಾನಗಳು ನಾಲ್ಕು. ಮೋಕ್ಷಕ್ಕೆ ಕಾರಣವಾದವು ಕೊನೆಯ ಎರಡು ಮಾತ್ರ. ಹಿಂಸೆಯಲ್ಲಿ ನೆಟ್ಟ ಮನಸ್ಸೂ ಧ್ಯಾನವೇ, ಆದರೆ ರೌದ್ರಧ್ಯಾನ. ಛಲ ದಾರಿಯನ್ನು ಬೇಗ ಸವೆಸುತ್ತದೆಯೇ ಹೊರತು ದಾರಿ ಯಾವುದೆಂದು ಆರಿಸುವುದಿಲ್ಲ. ದೀರ್ಘಾಯುಸ್ಸಿನ ಮಾತೂ ಹಾಗೆಯೇ. ಸರ್ವಾರ್ಥಸಿದ್ಧಿಯ ದೇವರ ಆಯುಸ್ಸು 33 ಸಾಗರೋಪಮ. ಏಳನೆಯ ನರಕದ ಪರಮಾಯುಸ್ಸೂ ಅಷ್ಟೇ. ಬದುಕಿನ ಬೆಲೆ ಅದರ ಉದ್ದದಲ್ಲಿಲ್ಲ.

ವಿದ್ಯೆ ಕೈವಶವಾದ ಮೇಲೆ ರಾವಣ ಸೀತೆಯ ಮುಂದೆ ಬೀಗುತ್ತಾನೆ. ರಾಮನ ಪ್ರಾಣಕ್ಕೆ ಹೆದರಿ ಆಕೆ ಮೂರ್ಛೆ ಹೋದಾಗ ಅವನ ಮನಸ್ಸು ತಿಳಿಯಾಗುತ್ತದೆ. ಇಂತಹ ದಂಪತಿಗಳನ್ನು ಅಗಲಿಸಿದೆನಲ್ಲಾ ಎಂದು ಪಶ್ಚಾತ್ತಾಪಪಡುತ್ತಾನೆ. ಆದರೂ ಈಗಲೇ ಒಪ್ಪಿಸಿದರೆ ಹೇಡಿಯೆನ್ನುವರು, ಗೆದ್ದು ಒಪ್ಪಿಸುವೆನೆಂದು ಯುದ್ಧಕ್ಕೆ ನಡೆದು ಲಕ್ಷ್ಮಣನ ಕೈಯಲ್ಲಿ ಮಡಿಯುತ್ತಾನೆ. ಕಾಮ ಬಿಟ್ಟರೂ ಮಾನಕಷಾಯ ಬಿಡಲಿಲ್ಲ. ಫಾಂಗ್ ಯುವಾನನ ಕಥೆಯಲ್ಲಿ ನಾನು ಕಾಣದೆ ಹೋದುದು ಈ ಪಶ್ಚಾತ್ತಾಪದ ಗಳಿಗೆಯನ್ನು. ಅದಿಲ್ಲದ ಖಳನು ಬೆರಗು ಹುಟ್ಟಿಸಿಯಾನು, ಕರುಣೆ ಹುಟ್ಟಿಸಲಾರನು.

1604ರಲ್ಲಿ ಪ್ರತಿಷ್ಠೆಗೊಂಡ ವೇಣೂರಿನ ಬಾಹುಬಲಿಯ ಮುಂದೆ ನಿಂತಾಗ ಈ ರಾವಣನು ನನಗೆ ನೆನಪಾಗುತ್ತಾನೆ. ದೃಷ್ಟಿ, ಜಲ, ಮಲ್ಲ ಯುದ್ಧಗಳಲ್ಲಿ ಗೆದ್ದ ಬಾಹುಬಲಿ, ಗೆಲುವು ಕೈಯಲ್ಲಿದ್ದಾಗಲೇ ರಾಜ್ಯವನ್ನು ಬಿಟ್ಟು ನಡೆದನು. ರಾವಣನೋ ಬಿಡುವುದನ್ನು ಗೆಲುವಿನ ಮರುದಿನಕ್ಕೆ ಮುಂದೂಡಿದನು. ಆ ಮರುದಿನ ಬರಲಿಲ್ಲ. ವರ್ಷದ ಲೆಕ್ಕ ಮುಗಿದ ಮೇಲೆ ತಕ್ಕಡಿಯನ್ನು ಸರಿಪಡಿಸುತ್ತೇನೆಂದುಕೊಳ್ಳುವ ನಾವು ಯಾರ ಕಡೆಯವರು? ಯುವಕರ ಓದನ್ನು ವಿಮರ್ಶಿಸುವ ಮೊದಲು ಈ ಪ್ರಶ್ನೆಗೆ ನಾವು ಉತ್ತರ ಹೇಳಬೇಕಾಗಿದೆ.